ತುರಟಿ ಎಂದು ಬರೆಯದೆ ಹೋದದ್ದು

ರಸಾಯನಶಾಸ್ತ್ರ ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ತರುಣರು ಮೊನ್ನೆ ಮನೆಗೆ ಬಂದಿದ್ದರು. ಕನ್ನಡದಲ್ಲಿ ವಿಜ್ಞಾನದ ಪುಸ್ತಕ ಬರೆಯುವ ಆಸೆ ಅವರಿಗೆ. ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರು. ಅವರು ಚಹಾ ಕುಡಿದು ಏಳುವಷ್ಟರಲ್ಲಿ ನಾನು ಎರಡು ಸಲ ಅಡಿಗೆಮನೆಗೆ ಹೋಗಿ ಸ್ಟೋವ್ ಆರಿದೆಯೋ ಇಲ್ಲವೋ ನೋಡಿ ಬಂದಿದ್ದೆ. ಹೀಗಾಗಿ ಮಾತು ತುಂಡು ತುಂಡಾಗಿ ಅವರಿಗೆ ಸರಿಯಾದ ಉತ್ತರ ಸಿಗಲಿಲ್ಲ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಯಾವ ವರ್ಷ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದೆಲ್ಲ ಸರ್ಕಾರಿ ಕಾಗದಗಳಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ.

ಕಳವಳ ನನ್ನ ಹುಟ್ಟುಗುಣ. ಹುಕ್ಕೇರಿಯಲ್ಲಿ ನಮ್ಮ ಅವ್ವ ಹೇಳುತ್ತಿದ್ದಳು, ನಾನು ಚಿಕ್ಕಂದಿನಲ್ಲಿ ಅಗಳಿ ಹಾಕಿದ ಬಾಗಿಲನ್ನು ಮತ್ತೆ ತೆಗೆದು ಅಗಳಿ ಹಾಕಿದೆಯೇ ಎಂದು ನೋಡುತ್ತಿದ್ದೆನಂತೆ. ಇಂಥವನು ಆಮ್ಲದ ಬಾಟಲಿಗಳ ನಡುವೆ ಮೂವತ್ತು ವರ್ಷ ಕಳೆದ. ಹೆದರುವವನ ಮೇಲೆ ಹಾವು ಎಸೆದಂತೆ ಆಯಿತೋ, ತಕ್ಕ ಕೆಲಸವೇ ಸಿಕ್ಕಿತೋ ಇಂದಿಗೂ ಹೇಳಲಾರೆ.

ಮೊದಲ ನೌಕರಿ ಗೋಕಾಕಿನ ಹೈಸ್ಕೂಲಿನಲ್ಲಿ. ಪ್ರಯೋಗಶಾಲೆ ಎಂದರೆ ಒಂದು ಕಪಾಟು. ಅದರಲ್ಲಿ ಹಳದಿ ರಂಜಕದ ತುಂಡುಗಳಿದ್ದ ಒಂದು ಬರಣಿ. ರಂಜಕವನ್ನು ನೀರಿನಲ್ಲಿ ಮುಳುಗಿಸಿಯೇ ಇಡಬೇಕು, ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುತ್ತದೆ. ಒಂದು ದೀಪಾವಳಿಗೆ ಹುಕ್ಕೇರಿಗೆ ಹೋದವನಿಗೆ ಎರಡನೆಯ ದಿನ ಹೋಳಿಗೆಯ ಮುಂದೆ ಕೂತಾಗ, ಬರಣಿಯ ನೀರು ಆರಿ ಹೋಗಿದ್ದರೆ ಎಂಬ ವಿಚಾರ ಬಂತು. ಎಲೆ ಬಿಟ್ಟು ಎದ್ದೆ. ಚಕ್ಕಡಿ ಹಿಡಿದು ಘಟಪ್ರಭಾಕ್ಕೆ ಬಂದು, ಅಲ್ಲಿಂದ ಟಾಂಗಾದಲ್ಲಿ ಗೋಕಾಕ ಸೇರಿ, ಶಿಪಾಯಿ ರಾಯಪ್ಪನನ್ನು ಮನೆಯಿಂದ ಕರೆದು ಕಪಾಟು ತೆಗೆಸಿದೆ. ಬರಣಿಯಲ್ಲಿ ನೀರು ಕಂಠದ ತನಕ ಇತ್ತು.

ರಾಯಪ್ಪ ನನ್ನ ಮುಖ ನೋಡಿ, "ಹೆಂಗೂ ಬಂದೀರಿ ಸರ, ಇನ್ನೊಂದು ಹನಿ ಹಾಕಿ ಹೋಗ್ರಿ. ಹೋಳಿಗಿ ಬಿಟ್ಟು ಬಂದದ್ದು ದಂಡ ಆಗಬಾರದು," ಎಂದ. ನಾನು ಹಾಕಿಯೇ ಬಂದೆ.

ರಜೆ ಮುಗಿದ ಮೇಲೆ ಇದು ಹೆಡ್ ಮಾಸ್ತರರ ಕಿವಿಗೆ ಬಿತ್ತು. ಅವರು ನಗಲಿಲ್ಲ. "ನೀವು ಬರಣಿಗೆ ಅಂಜತೀರಿ, ಚೊಲೊ ಆತು. ಆದರ ಬರಣಿ ನಿಮ್ಮ ಕಣ್ಣ ಮುಂದ ಇರತೈತಿ. ಕಣ್ಣಿಗೆ ಕಾಣದ್ದಕ್ಕ ಅಂಜೂದು ಕಲೀರಿ," ಎಂದರು. ಆಗ ಅದು ನನಗೆ ಅರ್ಥವಾಗಲಿಲ್ಲ, ದೊಡ್ಡವರ ಮಾತು ಎಂದು ತಲೆಯಾಡಿಸಿದೆ.

ಗೋಕಾಕಿನಲ್ಲಿದ್ದಾಗಲೇ ರವಿವಾರ ರವಿವಾರ ಸುತ್ತಲಿನ ಊರುಗಳಲ್ಲಿ ಪ್ರಯೋಗ ಮಾಡಿ ತೋರಿಸಿ ಭಾಷಣ ಮಾಡುವ ಹುಚ್ಚು ಹತ್ತಿತು. ಮೂಡಲಗಿಯಲ್ಲಿ ಒಂದು ಸಲ ಅರಿಷಿಣದ ನೀರಿಗೆ ಸುಣ್ಣದ ತಿಳಿ ಹಾಕಿ ಕೆಂಪು ಮಾಡಿ, ಇದು ಕ್ಷಾರದ ಗುಣ ಎಂದು ದೊಡ್ಡ ದನಿಯಲ್ಲಿ ಹೇಳಿದೆ. ಮುಂದೆ ಕೂತಿದ್ದ ಒಬ್ಬ ಮುದುಕಿ, "ಯಪ್ಪಾ, ಆರತಿಗೆ ಕೆಂಪು ನೀರ ನಾವು ಹಿಂಗ ಮಾಡೂದು. ಅದಕ ನೀ ಹಿಂದಾಗಡೆ ಏನೋ ಹೆಸರ ಅಂದೆಲ್ಲ, ಅದೊಂದ ನಮಗ ಗೊತ್ತಿರಲಿಲ್ಲ ನೋಡು," ಎಂದಳು. ಜನ ನಕ್ಕರು. ನನಗೆ ನಾಚಿಕೆಯಾದರೂ ಒಂದು ಪಾಠ ಸಿಕ್ಕಿತು. ಜನಕ್ಕೆ ವಸ್ತು ಗೊತ್ತಿರುತ್ತದೆ, ಅದರ ಹೆಸರೂ ಗೊತ್ತಿರುತ್ತದೆ. ನಾವು ಆ ಹೆಸರಿನಿಂದಲೇ ಶುರು ಮಾಡಬೇಕು. ಈ ಪಾಠವನ್ನು ನಾನು ಹತ್ತು ವರ್ಷ ನೆನಪಿಟ್ಟೆ. ಆಮೇಲೆ ಪ್ರೊಫೆಸರ್ ಆದೆ, ಮರೆತೆ.

ಕಾಲೇಜು ಇದ್ದದ್ದು ಬೆಳಗಾವಿಯಲ್ಲಿ. ನಮ್ಮ ಪ್ರಿನ್ಸಿಪಾಲರು ಶಿಸ್ತಿನ ಮನುಷ್ಯ, ಪಾಠ ಇಂಗ್ಲಿಷಿನಲ್ಲಿ, ಗದರುವುದೂ ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಪುಸ್ತಕ ಬರೆಯುತ್ತಿದ್ದೇನೆಂದು ತಿಳಿದಾಗ, ಕನ್ನಡದಲ್ಲಿ ರಸಾಯನ ಬರೆದರೆ ಅದು ಅಡಿಗೆಯ ಪುಸ್ತಕವಾಗುತ್ತದೆ ಎಂದರು. ಆ ಮಾತು ನನಗೆ ನಾಟಿತು. ಅಡಿಗೆಯ ಪುಸ್ತಕವಲ್ಲ ಎಂದು ತೋರಿಸಬೇಕೆಂಬ ಹಟದಲ್ಲಿ ಭಾರದ ಭಾರದ ಶಬ್ದಗಳನ್ನು ಹುಡುಕಿ ಹುಡುಕಿ ಹಾಕಿದೆ. ಅದೂ ಅಲ್ಲದೆ ಅದು ಕನ್ನಡದ ಚಳವಳಿ ಜೋರಾಗಿದ್ದ ಕಾಲ. ನಮ್ಮ ಭಾಗದ ಮಾತಿನಲ್ಲಿ ಸೇರಿಕೊಂಡ ಮರಾಠಿ ಶಬ್ದಗಳನ್ನು ಹೆಕ್ಕಿ ತೆಗೆಯುವುದು ದೇಶಸೇವೆ ಎಂದು ನಾನೂ ನಂಬಿದ್ದೆ.

ಪುಸ್ತಕದಲ್ಲಿ ಕುಡಿಯುವ ನೀರಿನ ಬಗ್ಗೆ ಒಂದು ಅಧ್ಯಾಯವಿತ್ತು. ಮಳೆಗಾಲದಲ್ಲಿ ಹಳ್ಳದ ನೀರು ರಾಡಿಯಾದಾಗ ತುರಟಿಯ ಹರಳನ್ನು ನೀರಲ್ಲಿ ಆಡಿಸಿ ತೆಗೆದರೆ ಕೆಸರು ತಳಕ್ಕೆ ಇಳಿದು ನೀರು ತಿಳಿಯಾಗುತ್ತದೆ. ತುರಟಿ ನಮ್ಮ ಕಡೆಯ ಎಲ್ಲ ಕಿರಾಣಿ ಅಂಗಡಿಗಳಲ್ಲಿ ಸಿಗುವ ಬಿಳಿಯ ವಸ್ತು, ಕ್ಷೌರಿಕರ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ, ಇಂಗ್ಲಿಷಿನಲ್ಲಿ ಆಲಂ. ನಾನು ಅದನ್ನು ಸ್ಫಟಿಕ ಎಂದು ಬರೆದಿದ್ದೆ. ಹಸ್ತಪ್ರತಿಯನ್ನು ನಾನು ಹೆಂಡತಿ ಶಾಂತವ್ವನಿಗೆ ಓದಿ ಹೇಳುತ್ತಿದ್ದೆ. ಅಲ್ಲಿಗೆ ಬಂದಾಗ ಅವಳು ಸೊಪ್ಪು ಸೋಸುವ ಕೈ ನಿಲ್ಲಿಸಿದಳು.

"ಸ್ಫಟಿಕ ಅಂದ್ರ ಯಾರಿಗೆ ತಿಳೀತೈತ್ರಿ? ತುರಟಿ ಅಂತ ಬರೀರಿ."

"ತುರಟಿ ಮರಾಠಿ ಮಾತು. ಕನ್ನಡದ ಪುಸ್ತಕದಾಗ ಅದು ಬ್ಯಾಡ. ಮೈಸೂರ ಕಡೆ ಸ್ಫಟಿಕ ಅಂತಾರ."

"ಸ್ಫಟಿಕ ಏನು ಕನ್ನಡೇನ್ರಿ? ಸ್ವಾಮಿಗೋಳ ಬಾಯಾಗ ಕೇಳೇನಿ ನಾ ಅದನ್ನ. ಮೈಸೂರವರು ನಮ್ಮ ಹಳ್ಳದ ನೀರ ಕುಡ್ಯಾಕ ಬರತಾರೇನು?"

ನಾನು ಮುಂದಿನ ಸಾಲು ಓದಿದೆ. ಬರೆದದ್ದನ್ನು ತಿದ್ದಲಿಲ್ಲ. ಕರಡು ತಿದ್ದಿದವನೂ ನಾನೇ, ಎರಡು ಸಲ ತಿದ್ದಿದೆ. ಒಂದೊಂದು ಅಕ್ಷರದ ತಲೆಕಟ್ಟು ದೀರ್ಘ ನೋಡಿದೆ. ಒತ್ತಕ್ಷರ ತಪ್ಪಿದ್ದಕ್ಕೆ ಮುದ್ರಣಾಲಯದವರಿಗೆ ಖಾರವಾಗಿ ಕಾಗದ ಬರೆದೆ. ಸ್ಟೋವಿನ ಬತ್ತಿಗೆ ಅಂಜುವವನು ಈ ಒಂದು ಶಬ್ದಕ್ಕೆ ಅಂಜಲಿಲ್ಲ.

ಪುಸ್ತಕ ಹೊರಬಂದ ವರ್ಷದ ಮಳೆಗಾಲದ ಆರಂಭ. ಕುಲಗೋಡದ ಪ್ರಾಥಮಿಕ ಶಾಲೆಯ ಮಾಸ್ತರರಿಂದ ಒಂದು ಕಾಗದ ಬಂತು. ಹೆಸರು ದಸ್ತಗೀರಸಾಬ. ನನ್ನ ಪುಸ್ತಕವನ್ನು ಸಂಜೆ ಚಾವಡಿಯಲ್ಲಿ ಊರವರಿಗೆ ಓದಿ ಹೇಳುತ್ತಿದ್ದರಂತೆ. ಮುತ್ತಿನಂಥ ಅಕ್ಷರ. ಬೆಳಿಗ್ಗೆ ಚಹಾ ಕುಡಿಯುತ್ತ ಹಿಗ್ಗಿನಿಂದ ಓದಿದೆ. ಕೊನೆಯ ಸಾಲುಗಳು ಹೀಗಿದ್ದವು: "ತಾವು ಬರೆದಂತೆ ಸ್ಫಟಿಕವನ್ನು ಹಳ್ಳದ ನೀರಿನಲ್ಲಿ ಹತ್ತು ಸುತ್ತು ಆಡಿಸಿದೆವು. ನೀರು ತಕ್ಕಮಟ್ಟಿಗೆ ತಿಳಿಯಾಯಿತು. ಆದರೆ ಒಂದು ಆಶ್ಚರ್ಯ. ನಮ್ಮ ಮನೆಯ ಕಬ್ಬಿಣದ ಬಕೀಟು ಒಳಗಡೆ ತಾಮ್ರದ್ದಾಗಿದೆ. ಇದು ಹೇಗೆಂದು ಮುಂದಿನ ಪುಸ್ತಕದಲ್ಲಿ ತಿಳಿಸಬೇಕು."

ಬಟ್ಟಲು ಕೆಳಗಿಟ್ಟೆ. ತುರಟಿಯಿಂದ ಬಕೀಟು ತಾಮ್ರವಾಗುವುದಿಲ್ಲ. ಕಬ್ಬಿಣದ ಮೇಲೆ ತಾಮ್ರ ಕೂರಬೇಕಾದರೆ ನೀರಿನಲ್ಲಿ ಮೈಲುತುತ್ತ ಇರಬೇಕು. ಮೈಲುತುತ್ತ ವಿಷ.

ಎದ್ದು ಪುಸ್ತಕ ತೆಗೆದೆ. ಮೊದಲ ಅಧ್ಯಾಯದಲ್ಲಿ ನಾನೇ ಬರೆದಿದ್ದೆ: ವಸ್ತುಗಳು ಹರಳುಗಟ್ಟಿದರೆ ಅವಕ್ಕೆ ಸ್ಫಟಿಕ ಎನ್ನುತ್ತಾರೆ. ಪಕ್ಕದಲ್ಲಿ ಒಂದು ಚಿತ್ರ, ದಾರಕ್ಕೆ ಕಟ್ಟಿ ಬೆಳೆಸಿದ ಮೈಲುತುತ್ತದ ಹರಳು. ಅದರ ಕೆಳಗೆ, 'ನೀಲಿಯ ಅಂದವಾದ ಸ್ಫಟಿಕ'. ನೀರಿನ ಅಧ್ಯಾಯ ಬರುವುದು ಆಮೇಲೆ. ಅಲ್ಲಿ ಬರೀ ಸ್ಫಟಿಕ ಎಂದಿದೆ, ಯಾವ ಸ್ಫಟಿಕ ಎಂದಿಲ್ಲ. ಕನ್ನಡದಲ್ಲಿ ಹರಳಿಗೂ ಅದೇ ಶಬ್ದ, ತುರಟಿಗೂ ಅದೇ ಶಬ್ದ. ಮೈಲುತುತ್ತ ನಮ್ಮ ಹಳ್ಳಿಗಳಲ್ಲಿ ಹುಡುಕಬೇಕಾದ ವಸ್ತುವೂ ಅಲ್ಲ. ಜೋಳಕ್ಕೆ ಕಾಡಿಗೆ ರೋಗ ಬರಬಾರದೆಂದು ಬಿತ್ತುವ ಮುಂಚೆ ಬೀಜವನ್ನು ಅದರ ನೀರಿನಲ್ಲಿ ನೆನೆಸುತ್ತಿದ್ದರು. ಆಗ ಬಿತ್ತನೆಯ ದಿನಗಳು, ಮನೆಮನೆಯಲ್ಲೂ ಪೊಟ್ಟಣ ಇರುವ ಹೊತ್ತು.

ಕಾಗದ ಬರೆದು ನಾಲ್ಕು ದಿನವಾಗಿತ್ತು.

ಈಗ ನಾನು ಮಾಡಿದ್ದನ್ನು ಕೇಳಿ, ಮಾಡಬೇಡಿ. ನೇರವಾಗಿ ಸ್ಟೇಶನ್ನಿಗೆ ಹೋಗುವುದನ್ನು ಬಿಟ್ಟು ಪ್ರಯೋಗಶಾಲೆಗೆ ಹೋದೆ. ಅಡಿಕೆಯಷ್ಟು ಮೈಲುತುತ್ತದ ಹರಳನ್ನು ತೂಗಿ, ಬಕೀಟು ನೀರಿನಲ್ಲಿ ಹತ್ತು ಸುತ್ತು ಆಡಿಸಿ, ಒರೆಸಿ, ಮತ್ತೆ ತೂಗಿದೆ. ಎಷ್ಟು ಕರಗಿತು, ಅದರಲ್ಲಿ ಒಂದು ತಂಬಿಗೆಗೆ ಎಷ್ಟು, ದಿನಕ್ಕೆ ಎಷ್ಟು ಎಂದು ಲೆಕ್ಕ ಹಾಕಿದೆ. ಗಟ್ಟಿಮುಟ್ಟಾದವರು ಸಾಯಲಾರರು ಎಂದು ಬಂತು. ಮುದುಕರು, ಕೂಸುಗಳು ಎಂದಾಗ ಲೆಕ್ಕ ಕೈಬಿಟ್ಟಿತು. ತಲೆ ಎತ್ತಿದಾಗ ಬೆಳಗಿನ ಗಾಡಿ ಹೋಗಿತ್ತು. ಗೊತ್ತಾಗಿ ಯಾರಿಗೂ ಉಪಯೋಗವಿಲ್ಲದ ಒಂದು ಸಂಖ್ಯೆಗಾಗಿ ಅರ್ಧ ದಿನ ಕಳೆದಿದ್ದೆ.

ತಾರು ಕೊಟ್ಟೆ. ಅದು ಗೋಕಾಕಿನ ತನಕ ಹೋಗುತ್ತದೆ, ಮುಂದೆ ಟಪಾಲಿನವನ ಕಾಲೇ ಗತಿ. ರಜೆ ಕೇಳಲು ಪ್ರಿನ್ಸಿಪಾಲರ ಕೋಣೆಗೆ ಹೋದೆ. ಏಕೆ ಎಂದು ಕೇಳಿದರು. ನನ್ನ ಪುಸ್ತಕ ಓದಿ ಜನ ವಿಷ ಕುಡಿಯುತ್ತಿದ್ದಾರೆ ಎನ್ನಲು ಬಾಯಿ ಬರಲಿಲ್ಲ. ಅಡಿಗೆಯ ಪುಸ್ತಕ ಎಂದಿದ್ದರಲ್ಲ, ಆ ಮಾತು ನೆನಪಾಯಿತು. ಹುಕ್ಕೇರಿಯಲ್ಲಿ ಹತ್ತಿರದವರಿಗೆ ಆರಾಮಿಲ್ಲ ಎಂದೆ. ಅವರು ನಿಜವಾದ ಕಾಳಜಿಯಿಂದ, ಬೇಕಾದಷ್ಟು ದಿನ ಇದ್ದು ಬನ್ನಿ ಎಂದರು.

ಮಧ್ಯಾಹ್ನದ ಗಾಡಿಯಲ್ಲಿ ಘಟಪ್ರಭಾ ತಲುಪಿ, ಗೋಕಾಕಿನಲ್ಲಿ ಪರಿಚಯದ ಡಾಕ್ಟರರನ್ನು ಕಂಡೆ. ಆ ನೀರು ನಿಲ್ಲಿಸಿರಿ, ಹಾಲು ಕುಡಿಸಿರಿ, ಕೋಳಿ ತತ್ತಿಯ ಬಿಳಿ ಲೋಳೆ ಕುಡಿಸಿರಿ, ಉಳಿದದ್ದು ಅವರ ಆಯುಷ್ಯ ಎಂದರು. ಮರುದಿನ ಬೆಳಿಗ್ಗೆ ಸರ್ವಿಸ್ ಮೋಟಾರು ಹತ್ತಿದೆ. ಎರೆಮಣ್ಣಿನ ರಸ್ತೆ, ಮಳೆ ಹಿಡಿದಿತ್ತು. ಅರ್ಧ ದಾರಿಯಲ್ಲಿ ಹಳ್ಳ ತುಂಬಿ ಮೋಟಾರು ನಿಂತಿತು. ಚಾಲಕ ಬೀಡಿ ಹಚ್ಚಿ, "ಸಂಜಿಗೆ ಇಳಿಬಹುದ್ರಿ, ನಾಳೆನೂ ಇಳಿಬಹುದು," ಎಂದ. ನಾನು ಧೋತರ ಮೇಲೆ ಕಟ್ಟಿ, ಬೂಟು ಕೈಯಲ್ಲಿ ಹಿಡಿದು, ಇಬ್ಬರು ರೈತರ ಹೆಗಲು ಹಿಡಿದು ಹಳ್ಳ ದಾಟಿದೆ. ಆಚೆ ದಂಡೆಯಿಂದ ನಡೆದೆ. ಎರೆಮಣ್ಣು ಒಂದೊಂದು ಹೆಜ್ಜೆಗೂ ಕಾಲಿಗೆ ಸೇರಷ್ಟು ಹತ್ತುತ್ತಿತ್ತು. ಎದುರಿಗೆ ಬಂದವರನ್ನೆಲ್ಲ ಕುಲಗೋಡದಲ್ಲಿ ಏನಾದರೂ ಸುದ್ದಿ ಇದೆಯೇ ಎಂದು ಕೇಳಿದೆ. ಎಂಥ ಸುದ್ದಿ ಎಂದು ಅವರು ಕೇಳಿದರೆ ನಾನು ಹೇಳಲಾರೆ. ಹುಚ್ಚನಿರಬೇಕೆಂದು ಒಬ್ಬ ದಾರಿ ಬಿಟ್ಟು ನಿಂತ.

ದಸ್ತಗೀರ ಮಾಸ್ತರರು ಶಾಲೆಯಲ್ಲಿರಲಿಲ್ಲ, ಮನೆಯಲ್ಲಿದ್ದರು. ಮೂವತ್ತರ ಸಣಕಲು ಮನುಷ್ಯ. ನಾನು ಯಾರೆಂದು ಹೇಳಿದಾಗ ಮುಖ ಅರಳಿತು, ಆ ಮೇಲೆ ನನ್ನ ಕಾಲಿನ ಕೆಸರು ನೋಡಿ ಗಾಬರಿಯಾದರು.

"ನೀರು ಯಾರ್ಯಾರು ಕುಡದಾರ?" ಎಂದೆ, ನಮಸ್ಕಾರವನ್ನೂ ಮಾಡದೆ.

"ಊರಾಗ ನಾಕೈದು ಮನ್ಯಾಗ ಮಾಡಿ ನೋಡಿದ್ರು ಸರ. ಒಗರ ಐತಿ ಅಂತ ಚೆಲ್ಲಿಬಿಟ್ರು. ನಾನೂ ಒಂದ ದಿನಾ ಕುಡದು ಬಿಟ್ಟೆ. ನಮ್ಮ ತಾಯಿ ಒಬ್ಬಾಕಿ ಮಾತ್ರ ದಿನಾ ಕುಡಿಯಾಕತ್ತಾಳ. ಮಗಾ ಓದಿದ ಪುಸ್ತಕದ್ದು, ಒಗರಿದ್ರ ಔಷಧ ಇದ್ದಂಗ ಅಂತಾಳ. ಮೂರು ದಿನದಿಂದ ವಾಂತಿ ನಿಂತಿಲ್ರಿ. ಮುಪ್ಪಿನ ಹೊಟ್ಟಿ, ಮಳಿಗಾಲ ಅಂತ ನಾ ತಿಳದಿದ್ದೆ."

ಒಳಗೆ ಕಂಬಳಿಯ ಮೇಲೆ ಒಂದು ಹಿಡಿ ಜೀವ ಮಲಗಿತ್ತು. ತಲೆದಿಂಬಿನ ಬಳಿ ತಂಬಿಗೆ, ಅದರಲ್ಲಿ ಅದೇ ನೀರು. ತಂಬಿಗೆ ಎತ್ತಿ ಹೊರಗೆ ಚೆಲ್ಲಿದೆ. ಹಾಲು ತರಿಸಿದೆ. ಲಿಂಗವಂತರ ಮನೆಯಲ್ಲಿ ಹುಟ್ಟಿದ ನಾನು ತತ್ತಿಯನ್ನು ಅಲ್ಲಿಯ ತನಕ ಪ್ರಯೋಗಶಾಲೆಯಲ್ಲಷ್ಟೇ ಒಡೆದಿದ್ದೆ. ಅಂದು ಆ ಅಡಿಗೆಮನೆಯಲ್ಲಿ ಕೂತು ಬಿಳಿ ಲೋಳೆಯನ್ನು ಬೇರೆ ಮಾಡಿ ಮಾಡಿ ಕೊಟ್ಟೆ, ಮಾಸ್ತರರು ಚಮಚೆಯಿಂದ ಕುಡಿಸಿದರು. ನಡುನಡುವೆ ನಾನು ಆ ಬಕೀಟನ್ನು ನೋಡುತ್ತಿದ್ದೆ. ಒಳಮೈ ಕೆಂಪಗೆ ಹೊಳೆಯುತ್ತಿತ್ತು. ಅದಕ್ಕೆ ಹತ್ತಿದ ತಾಮ್ರವೆಲ್ಲ ಆ ಮುದುಕಿಯ ಹೊಟ್ಟೆಗೆ ಹೋಗದ ತಾಮ್ರ. ಮಣ್ಣಿನ ಗಡಿಗೆಯಲ್ಲಿ ಮಾಡಿದ್ದರೆ ನಾನು ಬರುವ ಹೊತ್ತಿಗೆ ಆಕೆ ಇರುತ್ತಿದ್ದಳೋ ಇಲ್ಲವೋ. ಇಳಿಹೊತ್ತಿಗೆ ವಾಂತಿ ನಿಂತಿತು. ಆಕೆ ಕಣ್ಣು ತೆರೆದು ಮಗನಿಗೆ, ಮನೆಗೆ ಬಂದವರಿಗೆ ಚಹಾ ಕೊಟ್ಟೆಯಾ ಎಂದು ಕೇಳಿದಳು. ನನಗೆ ಅಳು ಬಂತು, ಹೊರಗೆ ಬಂದು ಅತ್ತೆ.

ಮಾಸ್ತರರು ಪುಸ್ತಕ ಹಿಡಿದು ಹೊರಗೆ ಬಂದರು. ನಾನು ಎಲ್ಲ ಹೇಳಿದೆ. ಅವರು ಮೊದಲ ಅಧ್ಯಾಯ ತೆರೆದು, ಆಮೇಲೆ ನೀರಿನ ಅಧ್ಯಾಯ ತೆರೆದು, ಎರಡನ್ನೂ ಬೆರಳಿಟ್ಟು ಓದಿದರು. ಸಿಟ್ಟಿನ ಒಂದು ಮಾತು ಆಡಲಿಲ್ಲ.

"ಚಿತ್ರಾ ನೋಡಿ ನಾ ಮೋರಚೂದ ಅಂತ ತಿಳಕೊಂಡೆ ಸರ," ಎಂದರು. ನಮ್ಮ ಕಡೆ ಮೈಲುತುತ್ತಕ್ಕೆ ಹಾಗೆ ಅನ್ನುತ್ತಾರೆ. "ಪುಸ್ತಕದಾಗ ಐತಿ ಅಂದ ಮ್ಯಾಲೆ ಹತ್ತ ಸುತ್ತಿಗೆ ಏನೂ ಆಗೂದಿಲ್ಲ ಅಂದಕೊಂಡೆ. ತುರಟಿ ಅಂತ ಇದ್ರ ತಿಳೀತಿತ್ತು."

ಅಷ್ಟರಲ್ಲಿ ಚಾವಡಿಯಿಂದ ಕರೆ ಬಂತು. ಬೆಳಗಾವಿಯಿಂದ ಪ್ರೊಫೆಸರರು ಕೆಸರಲ್ಲಿ ನಡೆದು ಬಂದದ್ದು ಊರಿಗೆಲ್ಲ ಗೊತ್ತಾಗಿತ್ತು. ಏನಾಗಿದೆ ಎಂದು ಗೌಡರು ಕೇಳುತ್ತಿದ್ದರು. ಮಾಸ್ತರರು ಪುಸ್ತಕ ಮುಚ್ಚಿ ನನ್ನ ಎದುರಿಗೆ ನಿಂತರು.

"ಸರ, ಒಂದ ಮಾತ ಕೇಳತೇನಿ. ಪುಸ್ತಕದಾಗ ತಪ್ಪೈತಿ ಅಂತ ಚಾವಡ್ಯಾಗ ಅನಬ್ಯಾಡ್ರಿ. ಸಿಡಬಿಗೆ ದೇವಿ ಹಾಕಿಸಾಕ, ಬೀಜಕ್ಕ ಔಷಧ ಹಚ್ಚಾಕ, ಹೆಣ್ಣ ಹುಡುಗೂರನ್ನ ಸಾಲಿಗೆ ಕಳಸಾಕ, ಎಲ್ಲಾದಕ್ಕೂ ಪುಸ್ತಕದಾಗ ಐತಿ ಅಂತ ಹೇಳಿ ಹೇಳಿ ಒಪ್ಪಿಸೇನಿ. ಪುಸ್ತಕನ ಸುಳ್ಳು ಅಂದ್ರ ನಾಳೆ ನನ್ನ ಸಾಲ್ಯಾಗ ಯಾರೂ ಇರೂದಿಲ್ಲ. ನಾ ತಪ್ಪ ಓದೇನಿ ಅಂತ ಹೇಳತೇನಿ."

"ಬ್ಯಾಡ್ರಿ ಮಾಸ್ತರ," ಎಂದೆ.

ಒಂದೇ ಸಲ ಎಂದೆ. ಎರಡನೆಯ ಸಲ ಹೇಳಬೇಕಿತ್ತು.

ಚಾವಡಿಯಲ್ಲಿ ಅವರು ಎದ್ದು ನಿಂತು, ಪುಸ್ತಕದಲ್ಲಿ ತುರಟಿ ಎಂದೇ ಇತ್ತು, ನಾನು ಮೋರಚೂದ ಎಂದು ತಪ್ಪು ತಿಳಿದು ಓದಿದೆ, ಅದನ್ನು ತಿಳಿದು ಸರ್ ಓಡಿ ಬಂದರು ಎಂದು ಹೇಳಿದರು. ಪುಸ್ತಕ ಅವರ ಬಗಲಲ್ಲೇ ಇತ್ತು. ಕೇಳಿದವರಲ್ಲಿ ತೆರೆದು ನೋಡಬಲ್ಲವರು ಯಾರೂ ಇರಲಿಲ್ಲ, ನನ್ನನ್ನು ಬಿಟ್ಟರೆ. ಗೌಡರು, "ಏನ್ರಿ ಮಾಸ್ತರ, ಹೆತ್ತ ತಾಯಿಗೆ ವಿಷಾ ಕುಡಿಸಿದ್ರೆಲ್ಲ. ಕಣ್ಣ ತೆರೆದು ಓದಬಾರದೇನು?" ಎಂದರು. ಮಾಸ್ತರರು, "ತಪ್ಪಾತ್ರಿ," ಎಂದರು. ನಾನು ಪಕ್ಕದಲ್ಲೇ ಕುರ್ಚಿಯ ಮೇಲೆ ಕೂತಿದ್ದೆ. ಎದ್ದು ನಿಲ್ಲಬೇಕೆನಿಸಿತು, ಏಳಲಿಲ್ಲ. ಅವರ ಶಾಲೆಗಾಗಿ ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಆ ಹೊತ್ತಿನಲ್ಲಿ ನನಗೆ ಹಾಯೆನಿಸಿತ್ತು.

ಬೆಳಗಾವಿಗೆ ಬಂದು ಮಾರಾಟವಾಗದೆ ಉಳಿದ ಪ್ರತಿಗಳನ್ನೆಲ್ಲ ತರಿಸಿ, 'ಇಲ್ಲಿ ಸ್ಫಟಿಕವೆಂದರೆ ತುರಟಿ' ಎಂದು ಚೀಟಿ ಅಂಟಿಸಿದೆ. ಅಂಟು ಕಾಸಿ ಕೊಟ್ಟವಳು ಶಾಂತವ್ವ. ನಾನು ಹೇಳಿದ್ದೆಲ್ಲ ಕೇಳಿದರೂ ಅವಳು, ನಾ ಅಂದಿರಲಿಲ್ಲವೇ ಎನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ಮಾರಾಟವಾಗಿ ಹೋದ ಪ್ರತಿಗಳು ಯಾವ ಯಾವ ಊರಲ್ಲಿವೆ, ಯಾರ ಮನೆಯಲ್ಲಿ ಯಾವ ನೀರು ಕುಡಿಯುತ್ತಿದ್ದಾರೆ ಎಂಬ ವಿಚಾರದಲ್ಲಿ ಆ ಮಳೆಗಾಲವೆಲ್ಲ ಟಪಾಲಿನವನ ಹೆಜ್ಜೆ ಕೇಳಿದರೆ ಬಾಗಿಲಿಗೆ ಓಡುತ್ತಿದ್ದೆ. ಎರಡನೆಯ ಮುದ್ರಣದಲ್ಲಿ ಪ್ರತಿಯೊಂದು ವಸ್ತುವಿಗೂ ಕಿರಾಣಿ ಅಂಗಡಿಯಲ್ಲಿ ಕೇಳುವ ಹೆಸರನ್ನೇ ಹಾಕಿದೆ. ಅದಾದ ಮೇಲೆ ಬರೆದ ಯಾವ ಪುಸ್ತಕವನ್ನೂ ಹಳ್ಳಿಯ ಹತ್ತು ಜನರಿಗೆ ಓದಿ, ಅವರಿಂದ ಮಾಡಿಸಿ ನೋಡದೆ ಅಚ್ಚಿಗೆ ಕಳಿಸಲಿಲ್ಲ. ಇದೊಂದೇ ನಾನು ಆ ಇಬ್ಬರು ತರುಣರಿಗೆ ಹೇಳಬಹುದಾದ ವಿಧಾನ. ನೀವು ಏನು ಬರೆದಿದ್ದೀರಿ ಎಂದು ನೋಡಬೇಡಿ, ಓದಿದವನು ಕೈಯಲ್ಲಿ ಏನು ಎತ್ತಿಕೊಳ್ಳುತ್ತಾನೆ ನೋಡಿ.

ಕುಲಗೋಡದ ಕಥೆ ನನಗಿಂತ ಮುಂಚೆ ಊರೂರು ತಿರುಗಿತು. ನಿವೃತ್ತಿಯಾದಾಗ ಕಾಲೇಜಿನ ಸಭೆಯಲ್ಲಿ ಒಬ್ಬರು, ಒಬ್ಬ ಹಳ್ಳಿಯ ಮಾಸ್ತರನ ತಪ್ಪು ತಿದ್ದಲು ನಮ್ಮ ಸರ್ ತುಂಬಿದ ಹಳ್ಳ ದಾಟಿ ಹೋದರು ಎಂದು ಭಾಷಣ ಮಾಡಿದರು. ಚಪ್ಪಾಳೆಯಾಯಿತು. ಆಗಲೂ ಸುಮ್ಮನೆ ಕೂತಿದ್ದೆ.

ಕಳೆದ ವರ್ಷ ಗೋಕಾಕಿನ ಮೋಟಾರು ಸ್ಟ್ಯಾಂಡಿನಲ್ಲಿ ಕುಲಗೋಡದ ಒಬ್ಬ ರೈತ ಸಿಕ್ಕ. ದಸ್ತಗೀರ ಮಾಸ್ತರರು ಹೇಗಿದ್ದಾರೆ ಎಂದು ಕೇಳಿದೆ.

"ಯಾರ್ರಿ, ಓದಾಕ ಬರದ ಮಾಸ್ತರೇನು?" ಎಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ, ಊರಲ್ಲಿ ಅವರ ಹೆಸರೇ ಅದಾಗಿತ್ತು. "ಅವರು ವರ್ಗ ಆಗಿ ಹೋಗಿ ಭಾಳ ದಿನಾ ಆತ್ರಿ. ಮನಷ್ಯಾ ಚೊಲೊ. ಸಾಲಿ ಚೊಲೊ ನಡಸ್ತಿದ್ರು, ಹುಡುಗೂರು ಕಡಿಮಿ ಆಗಲಿಲ್ಲ. ಆದರ ಹಿರ್ಯಾರು ಕೋರ್ಟಿನ ಕಾಗದಾ, ಮಕ್ಕಳ ಪತ್ರಾ ಅವರ ಕೈಯಾಗ ಕೊಡತಿರಲಿಲ್ರಿ. ಓದಿಸಾಕ ಬಾಜೂ ಊರಿಗೆ ನಡದು ಹೋಗತಿದ್ರು."

ಎಲ್ಲಿಗೆ ವರ್ಗವಾಗಿ ಹೋದರೆಂದು ಅವನಿಗೆ ಗೊತ್ತಿರಲಿಲ್ಲ. ಇಲಾಖೆಗೆ ಬರೆದರೆ ತಿಳಿಯಬಹುದಿತ್ತು. ಬರೆಯಲಿಲ್ಲ. ಅಂಜಿಕೆ.

ಈಗ ಆ ಅಂಜಿಕೆಗಿಂತ ದೊಡ್ಡದೊಂದು ಅಂಜಿಕೆ ಹತ್ತಿದೆ, ಇದನ್ನು ಹೇಳದೆಯೇ ಹೋಗಿಬಿಟ್ಟರೆ ಎಂದು. ಕುಲಗೋಡದಲ್ಲಿ ಈಗ ಓದು ಬಲ್ಲವರು ಬಹಳ ಜನ ಇರಬೇಕು, ಅವರಿಗೆ ಕಲಿಸಿದವರೂ ಆ ಮಾಸ್ತರರೇ. ಅವರಲ್ಲಿ ಯಾರ ಕೈಗಾದರೂ ಈ ಬರಹ ಸಿಕ್ಕರೆ ಚಾವಡಿಯಲ್ಲಿ ನಿಂತು, ಹಿರಿಯರೆಲ್ಲ ಕೇಳುವ ಹಾಗೆ ಇಷ್ಟನ್ನು ಓದಿ ಹೇಳಬೇಕು: ಪುಸ್ತಕದಲ್ಲಿ ತುರಟಿ ಎಂದು ಇರಲಿಲ್ಲ. ಬರೆದವನು ನಾನು, ನನಗೆ ಗೊತ್ತು. ದಸ್ತಗೀರ ಮಾಸ್ತರರು ಅಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿದ್ದರು.